ಲಂಡನ್ನೇ ಆಗಬೇಕಾ, ತಾಯಿ?

ಪತ್ರ: ನನ್ನ ಮಗಳು ಮೈಸೂರಿನಲ್ಲಿ ಸ್ಪೀಚ್ ಥೆರಪಿ ಡಿಗ್ರಿ ಓದುತ್ತಿದ್ದಾಳೆ. ಇದು ನಾಲ್ಕನೇ ವರ್ಷ, ಇಂಟರ್ನ್‌ಶಿಪ್. ಆರು ವಾರ ಶ್ರೀಲಂಕಾದ ಆಸ್ಪತ್ರೆಯೊಂದಕ್ಕೆ ಹೋಗುವ ಅವಕಾಶ ಬಂದಿದೆಯಂತೆ. ‘ಅಮ್ಮಾ, ಅನುಭವ ಆಗುತ್ತೆ, ನಾನೂ ಬೆಳೀತೀನಿ’ ಅಂತ ಒಂದೇ ಹಟ. ಎಪ್ಪತ್ತು ಸಾವಿರ ಖರ್ಚು. ಲಂಡನ್ನೋ ಅಮೆರಿಕವೋ ಆಗಿದ್ದರೆ ಹೇಗೋ ಹೊಂದಿಸುತ್ತಿದ್ದೆವು. ಭಾಷೆಯೇ ಬಾರದ ಊರಿಗೆ ಹೋಗಿ ಇವಳು ಯಾರಿಗೆ ಮಾತು ಕಲಿಸುತ್ತಾಳೆ? ಅಂದ ಹಾಗೆ, ಮಗನ ಮಗನಿಗೆ ಮೂರು ವರ್ಷ, ಇನ್ನೂ ಮಾತು ಸರಿಯಾಗಿ ಬಂದಿಲ್ಲ. ಎರಡು ಭಾಷೆ ಬೆರೆಸಬೇಡಿ, ಇಂಗ್ಲಿಷ್ ಒಂದೇ ಆಡಿ ಎಂದು ಪರಿಚಯದ ಡಾಕ್ಟರು ಹೇಳಿದ್ದಾರೆ. ನಾನೂ ನಾಲ್ಕು ಮಾತು ಕಲಿತುಕೊಂಡಿದ್ದೇನೆ.
– ಒಬ್ಬ ತಾಯಿ, ತಿಪಟೂರು

ಉತ್ತರ:

ತಾಯಿ, ನಿಮ್ಮ ಕಾಗದ ಎರಡು ಸಲ ಓದಿದೆ. ಮೊದಲ ಸಲ ನಗು ಬಂತು, ಎರಡನೇ ಸಲ ಸ್ವಲ್ಪ ಸಿಟ್ಟು. ಸಿಟ್ಟಿನ ವಿಷಯ ಕೊನೆಗೆ ಇಟ್ಟುಕೊಂಡಿದ್ದೇನೆ.

ಮೊದಲು ನಿಮ್ಮ ಪರವಾಗಿ ಎರಡು ಮಾತು. ಎಪ್ಪತ್ತು ಸಾವಿರ ಸಣ್ಣ ಮೊತ್ತವಲ್ಲ. ಆರು ವಾರಕ್ಕೆ ಬಂದ ಹುಡುಗಿಯ ಕೈಗೆ ಯಾವ ದೇಶದಲ್ಲೂ ರೋಗಿಗಳನ್ನು ಒಪ್ಪಿಸಿಬಿಡುವುದಿಲ್ಲ; ಮೂಲೆಯಲ್ಲಿ ಕುರ್ಚಿ ಹಾಕಿ, ನೋಡ್ತಾ ಕೂತಿರು ಅನ್ನುತ್ತಾರೆ. ಅಲ್ಲಿ ಕೊಡುವ ಸರ್ಟಿಫಿಕೇಟು ತೋರಿಸಿದರೆ ಮುಂದೆ ಅಮೆರಿಕದವರು ಕರೆದು ಕೆಲಸ ಕೊಡುತ್ತಾರೆ ಅಂದುಕೊಳ್ಳಬೇಡಿ. ಅಲ್ಲಿ ಈ ವೃತ್ತಿಗೆ ಸ್ನಾತಕೋತ್ತರ ಪದವಿ ಬೇಕು, ಜೊತೆಗೆ 400 ಗಂಟೆ ಹಿರಿಯರ ಕೈಕೆಳಗೆ ಪಳಗಿರಬೇಕು. ನಿಮ್ಮ ಪರ ಇಷ್ಟೇ. ಇನ್ನು ನಾನು ಪೂರ್ತಿ ಮಗಳ ಕಡೆ.

ಲಂಡನ್ ಆಗಿದ್ದರೆ ಅಂದಿರಲ್ಲ, ಆ ಲಂಡನ್ನಿನ ರಾಜ ಆರನೇ ಜಾರ್ಜ್ ಉಗ್ಗುತ್ತಿದ್ದ. ಅವನಿಗೆ ಮಾತು ಪಳಗಿಸಿದವನು ಲಯನೆಲ್ ಲೋಗ್, ಆಸ್ಟ್ರೇಲಿಯಾದವನು. ಡಾಕ್ಟರ್ ಡಿಗ್ರಿ ಇರಲಿಲ್ಲ. ಮೊದಲ ಮಹಾಯುದ್ಧದಿಂದ ಮಾತು ಕೆಡಿಸಿಕೊಂಡು ಬಂದ ಸೈನಿಕರ ಜೊತೆ ಕೂತು ಕೂತು ಕೆಲಸ ಕಲಿತ. 1924ರಲ್ಲಿ ಲಂಡನ್ನಿಗೆ ಬಂದು ಬಾಡಿಗೆ ಕೋಣೆ ಹಿಡಿದ. 1926ರಲ್ಲಿ ರಾಜಕುಮಾರನೇ ಆ ಕೋಣೆಯ ಮೆಟ್ಟಿಲು ಹತ್ತಿದ. ಕಲಿಯೋಕೆ ಅಂತ ಎಲ್ಲರೂ ಲಂಡನ್ನಿಗೇ ಹೋಗಬೇಕು ಅನ್ನೋದು ಲಂಡನ್ನಿನವರಿಗೇ ಇಲ್ಲದ ನಂಬಿಕೆ.

ಇನ್ನು ಶ್ರೀಲಂಕಾ. ಅಲ್ಲಿನ ಕೆಲನಿಯ ವಿಶ್ವವಿದ್ಯಾಲಯದಲ್ಲಿ ಈ ವಿದ್ಯೆಯ ತರಬೇತಿ ಶುರುವಾದದ್ದು 1997ರಲ್ಲಿ. ಮೈಸೂರಿನಲ್ಲಿ ಎಲ್ಲರೂ ‘ಆಯಿಷ್’ ಅನ್ನುವ ನಮ್ಮ ವಾಕ್ ಶ್ರವಣ ಸಂಸ್ಥೆ 1965ರದು. ಹಾಗಾದರೆ ನಾವೇ ಹಿರಿಯರಾದೆವು, ಅಲ್ಲಿ ಕಲಿಯೋದೇನು ಅಂತೀರಾ? ಅವರೂ ನಮ್ಮ ಹಾಗೇ ಇಂಗ್ಲಿಷ್ ಪುಸ್ತಕ ಓದಿ, ಸಿಂಹಳದಲ್ಲೋ ತಮಿಳಿನಲ್ಲೋ ಚಿಕಿತ್ಸೆ ಕೊಡಬೇಕಾದ ಜನ. ನಮ್ಮ ಕಷ್ಟ ಅವರಿಗೆ ಗೊತ್ತು, ಲಂಡನ್ನಿನವರಿಗೆ ಗೊತ್ತಿಲ್ಲ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. ನಿಮಗೆ ತಿಪಟೂರಿನಿಂದ ಏರ್‌ಪೋರ್ಟ್ ಸೇರೋಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಭಾಷೆ ಬಾರದ ಊರು ಅಂದಿರಿ. ನಾನು ಹೋಗಲಿ ಅನ್ನುವುದೇ ಅದಕ್ಕೆ. ನಮಗೆ ಕಂದ ಅಂದರೆ ಮಗು. ಸಿಂಹಳದಲ್ಲಿ ‘ಕಂದ’ ಎರಡಿವೆ. ‘ನ’ಕಾರವನ್ನು ಪೂರ್ತಿ ಒತ್ತಿ ಹೇಳಿದರೆ ಬೆಟ್ಟ. ಮೂಗಿನಲ್ಲಿ ಅರ್ಧ ಮಾತ್ರ ತಾಗಿಸಿ ‘ದ’ಕ್ಕೆ ಜಾರಿದರೆ ಮರದ ಕಾಂಡ. ನಿಮಗೂ ನನಗೂ ಎರಡೂ ಒಂದೇ ಥರ ಕೇಳಿಸುತ್ತವೆ. ಅಲ್ಲಿನ ಮಗುವಿಗೆ ಇದು ಯಾರೂ ಹೇಳಿಕೊಡದೆ ಗೊತ್ತು. ಇಷ್ಟು ದಿನ ಬೇರೆಯವರ ಉಚ್ಚಾರಕ್ಕೆ ಸರಿ, ತಪ್ಪು ಎಂದು ಗುರುತು ಹಾಕಿದ ಹುಡುಗಿಗೆ ಅಲ್ಲಿ ಒಂದು ಪುಟ್ಟ ಮಗು ‘ಹಾಗಲ್ಲ ಅಕ್ಕಾ’ ಎಂದು ತಲೆ ಆಡಿಸುತ್ತೆ. ಒಂದು ಲೋಟ ನೀರು ಕೇಳೋಕೆ ಪದ ಹುಡುಕುತ್ತ ನಿಲ್ಲುತ್ತಾಳೆ. ಎದುರಿನವರು ಗಡಿಯಾರ ನೋಡುತ್ತಾರೆ. ಅವಳ ಮುಂದೆ ಕೂರುವ ರೋಗಿಯ ಪಾಡು ದಿನಾ ಅದೇ ಅಲ್ವಾ?

ಅಮೆರಿಕದ ಚಾರ್ಲ್ಸ್ ವ್ಯಾನ್ ರೈಪರ್ ಈ ವಿದ್ಯೆ ಕಟ್ಟಿದವರಲ್ಲಿ ದೊಡ್ಡ ಹೆಸರು. ಅವನೇ ಉಗ್ಗುತ್ತಿದ್ದ. ಈಗಲೂ ಎಷ್ಟೋ ಕಡೆ ವಿದ್ಯಾರ್ಥಿಗಳಿಗೆ ಒಂದು ಪಾಠ ಇದೆ: ಪೇಟೆಗೆ ಹೋಗಿ ಬೇಕೆಂದೇ ಉಗ್ಗಿ ವ್ಯಾಪಾರ ಮಾಡಿ ಬರುವುದು. ನನಗೆ ಗೊತ್ತಿರುವ ಹುಡುಗಿಯೊಬ್ಬಳು ದೇವರಾಜ ಮಾರ್ಕೆಟ್ಟಿನಲ್ಲಿ ‘ಮ... ಮ... ಮ...’ ಅಂತ ನಿಂತಳಂತೆ. ಹೂವಿನವನು ‘ಮಲ್ಲಿಗೆನಾ, ಮರುಗನಾ?’ ಎಂದು ತಾನೇ ಮುಗಿಸಿ, ಅರ್ಧ ಮೊಳ ಕಡಿಮೆ ಕೊಟ್ಟು ಕಳಿಸಿದ. ಅವಳು ಕಡಿಮೆ ಅನ್ನಲೂ ಇಲ್ಲ, ನಾಚಿಕೆಯಾಗಿ ಬಂದುಬಿಟ್ಟಳು. ಆದರೆ ಅವಳಿಗೆ ಅದು ನಾಟಕ, ಯಾವಾಗ ಬೇಕಾದರೂ ನಿಲ್ಲಿಸಬಹುದಿತ್ತು. ನಿಮ್ಮ ಮಗಳಿಗೆ ಆರು ವಾರ ನಿಲ್ಲಿಸೋಕಾಗುವುದಿಲ್ಲ. ಈ ಪಾಠಕ್ಕೆ ಎಪ್ಪತ್ತು ಸಾವಿರ ದುಬಾರಿ ಅಂತ ನನಗೆ ಅನ್ನಿಸುವುದಿಲ್ಲ.

ಈಗ ನನ್ನ ಚಿಕ್ಕಪ್ಪನ ಕತೆ. ಇದನ್ನು ಮೊದಲೂ ಬರೆದಿದ್ದೇನೆ, ಹಳೆಯ ಓದುಗರು ಕ್ಷಮಿಸಬೇಕು. ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಬಿಡ್ ಕೂಗಿ ಕೂಗಿ ಗಂಟಲು ದಪ್ಪ ಮಾಡಿಕೊಂಡಿದ್ದ ಮನುಷ್ಯ. ಅರವತ್ತೆಂಟಕ್ಕೆ ಸ್ಟ್ರೋಕ್ ಆಯಿತು, ಮಾತು ಹೋಯಿತು. ಕಾಫಿ ಅನ್ನೋಕೆ ಬರುತ್ತಿರಲಿಲ್ಲ, ಶನಿವಾರ ಚಿಕ್ಕಮ್ಮ ಶುರು ಮಾಡಿದರೆ ದೇವರನಾಮದ ಪಲ್ಲವಿ ಪೂರ್ತಿ ಬರುತ್ತಿತ್ತು. ಇದು ಪವಾಡ ಅಲ್ಲ. ಮಾತಿನ ಕೆಲಸ ಹೆಚ್ಚಿನವರಿಗೆ ಮಿದುಳಿನ ಎಡಭಾಗದಲ್ಲಿ. ಅಲ್ಲಿ ಪೆಟ್ಟಾದರೂ ಹಾಡು ಉಳಿಯುವುದುಂಟು. ಬಾಸ್ಟನ್ನಿನವರು 1970ರ ದಶಕದಲ್ಲಿ ಅದನ್ನೇ ಹಿಡಿದು ಒಂದು ಚಿಕಿತ್ಸೆ ಕಟ್ಟಿದರು.

ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಚಿತ್ರದ ಕಾರ್ಡು ಹಿಡಿದು ಬಂದಳು. ಹಿಮದ ಬೊಂಬೆ, ಸ್ಟ್ರಾಬೆರಿ, ಒಂದು ಲೋಟ ಹಾಲು. ಮೊದಲೆರಡಕ್ಕೆ ಚಿಕ್ಕಪ್ಪ ಸುಮ್ನೆ ನೋಡಿದರು. ಮೂರನೆಯದಕ್ಕೆ ಕತ್ತಿನ ನರ ಉಬ್ಬಿಸಿ, ಹದಿನೈದು ದಿನದಲ್ಲಿ ಮೊದಲ ಸಲ ಒಂದು ಪದ ತೆಗೆದರು: ‘ಆಲು.’ ನಮಗೆಲ್ಲ ಕಣ್ಣಲ್ಲಿ ನೀರು. ಅವಳು ಹಾಳೆಯಲ್ಲಿ ತಪ್ಪು ಗುರುತು ಹಾಕಿ, ‘ಆಲು ಅಲ್ಲ ಅಂಕಲ್, ಹಾ... ಹಾಲು’ ಅಂದಳು. ಅರವತ್ತೆಂಟು ವರ್ಷದಲ್ಲಿ ಚಿಕ್ಕಪ್ಪ ಹಕಾರ ಹೇಳಿದವರಲ್ಲ. ಅವರಪ್ಪನೂ ಹೇಳಿರಲಿಲ್ಲ. ಆ ಹುಡುಗಿಯನ್ನು ಬೈಯುವುದಿಲ್ಲ. ಯಾವುದು ಕಾಯಿಲೆ, ಯಾವುದು ನಮ್ಮೂರ ಮಾತು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೈಸೂರಿನವರು ಕನ್ನಡಕ್ಕೇ ಅಂತ ಉಚ್ಚಾರ ಪರೀಕ್ಷೆ ಮಾಡಿದ್ದು 1972ರಲ್ಲಿ, ಆ ಹುಡುಗಿ ಹುಟ್ಟುವ ಮುಂಚೆ!

ಹೊರಗೆ ಹೋಗಿ ಬಂದವರಿಗೆ ಇದು ಬೇಗ ಹೊಳೆಯುತ್ತದೆ. ಮಾತಾಡುವ ಸಿಂಹಳದಲ್ಲಿ ನಾನು ಹೋದರೂ ಅವಳು ಹೋದರೂ ಕ್ರಿಯಾಪದ ಒಂದೇ. ನಮ್ಮಲ್ಲಿ ಹೋದೆ, ಹೋದ, ಹೋದಳು ಬೇರೆ ಬೇರೆ. ಸ್ಟ್ರೋಕ್ ಆದ ಕನ್ನಡಿಗ ಹೆಂಡತಿಯನ್ನು ತೋರಿಸಿ ‘ಹೋದ’ ಅಂದರೆ ಏನೋ ಮುರಿದಿದೆ ಅಂತ ತಕ್ಷಣ ಗೊತ್ತಾಗುತ್ತೆ. ಆ ಮುರುಕು ಸಿಂಹಳದಲ್ಲಿ ಕಾಣಿಸಿಕೊಳ್ಳೋಕೆ ಜಾಗವೇ ಇಲ್ಲ. ಇಂಗ್ಲಿಷ್ ಪುಸ್ತಕ ಒಂದನ್ನೇ ಓದುತ್ತ ಕೂತರೆ ಕನ್ನಡ ಎಲ್ಲಿ ಮುರಿಯುತ್ತದೆ ಅನ್ನೋದು ತಿಳಿಯುವುದು ಹೇಗೆ?

ಇನ್ನೊಂದು. ನುಂಗುವ ತೊಂದರೆಯನ್ನೂ ಇವರೇ ನೋಡುತ್ತಾರೆ. ಆಹಾರ ಎಷ್ಟು ಗಟ್ಟಿ, ಎಷ್ಟು ತೆಳು ಅನ್ನೋಕೆ ಈಗ ಹಲವು ದೇಶಗಳಲ್ಲಿ ಸೊನ್ನೆಯಿಂದ 7ರವರೆಗೆ ಅಳತೆ ಇದೆ. ಕುಡಿಯುವಂಥದ್ದಾದರೆ 10 ಎಂ.ಎಲ್. ಸಿರಿಂಜಿಗೆ ತುಂಬಿಸಿ, 10 ಸೆಕೆಂಡು ಇಳಿಯಬಿಟ್ಟು ಎಷ್ಟು ಉಳಿಯಿತು ಅಂತ ನೋಡುತ್ತಾರೆ. ಮಗಳು ಅದನ್ನು ಕಲಿತು ಬರಲಿ, ರಾಗಿ ಅಂಬಲಿ ಎಷ್ಟನೇ ನಂಬರು ಅಂತ ಅಳೆದು ಹೇಳಲಿ. ಮುದ್ದೆ ಯಾವ ನಂಬರಿಗೆ ಬರುತ್ತೆ ಅಂತಲೂ ಕೇಳಬೇಕು. ನಾವು ಅದನ್ನು ಅಗಿಯೋದೇ ಇಲ್ಲವಲ್ಲ! ‘ಮುದ್ದೆ ಯಾವಾಗ ಕೊಡ್ತೀರಿ’ ಎಂದು ಚಿಕ್ಕಪ್ಪ ಕೈಸನ್ನೆಯಲ್ಲೇ ದಿನಾ ಕೇಳುತ್ತಿದ್ದರು. ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈಗ ಸಿಟ್ಟಿನ ವಿಷಯ. ಮೊಮ್ಮಗನ ಜೊತೆ ಇಂಗ್ಲಿಷ್ ಆಡುತ್ತಿದ್ದೀರಾ? ಮಗಳು ಇದೇ ವಿದ್ಯೆ ಓದುತ್ತಿರುವಾಗ ಪರಿಚಯದ ಡಾಕ್ಟರ ಮಾತು ಕೇಳಿದಿರಾ? ಎರಡು ಭಾಷೆ ಕೇಳಿದ್ದಕ್ಕೆ ಮಗುವಿಗೆ ಮಾತು ತಡವಾಗುವುದಿಲ್ಲ. ಜಗತ್ತಿನ ಎಷ್ಟೋ ಮಕ್ಕಳು ಎರಡು ಭಾಷೆಯಲ್ಲೇ ಬೆಳೆಯುತ್ತವೆ. ತಡವಾದ ಮಗುವಿಗೆ ಬೇಕಾದದ್ದು ಮನೆಯವರು ಸರಾಗವಾಗಿ ಆಡುವ ಮಾತು. ನಿಮ್ಮ ನಾಲ್ಕು ಮಾತಿನ ಇಂಗ್ಲಿಷಿನಲ್ಲಿ ಕಮಾನ್, ಈಟ್, ಸಿಟ್ ಬಿಟ್ಟು ಇನ್ನೇನಿದೆ? ಕೊಬ್ಬರಿ ತುರಿಯುತ್ತ ನೀವು ಹೇಳುವ ನೂರು ಮಾತು ಆ ಮಗುವಿನ ಕೈತಪ್ಪಿ ಹೋಗುತ್ತಿದೆ. ಕಿವಿ ಪರೀಕ್ಷೆ ಮಾಡಿಸಿದ್ದೀರಾ? ಕಾಗದದಲ್ಲಿ ಆ ಸುದ್ದಿಯೇ ಇಲ್ಲ. ಮೊದಲು ಅದು ಆಗಬೇಕು.

ತಪ್ಪು ನಿಮ್ಮೊಬ್ಬರದೇ ಅಲ್ಲ, ಬಿಡಿ. ಎಲ್‌ಕೆಜಿ ಸೀಟಿಗೆ ಮೂರು ವರ್ಷದ ಮಗುವನ್ನು ಇಂಗ್ಲಿಷಿನಲ್ಲಿ ಮಾತಾಡಿಸಿ ನೋಡುವ ಕಾಲ. ಕನ್ನಡದಲ್ಲಿ ಚಿತ್ರದ ಕಾರ್ಡು ಕೊಡಿ ಎಂದು ಗಾಂಧಿಬಜಾರಿನಲ್ಲಿ ಒಂದು ಸಂಜೆ ಅಲೆದೆ. ಸಿಕ್ಕಿದ್ದು ಋಷಿ, ಐರಾವತ, ಔಷಧ, ಈಟಿ. ಯಾವ ಮಗು ಬೆಳಗ್ಗೆ ಎದ್ದು ಐರಾವತ ಬೇಕು ಅಂತ ಅಳುತ್ತೆ? ತಟ್ಟೆ, ಚಡ್ಡಿ, ಬಕೆಟ್ಟು, ದೋಸೆ ಇರುವ ಕಾರ್ಡು ಒಂದೂ ಇರಲಿಲ್ಲ. ಭಾಷೆ ಉಳಿಸುತ್ತೇವೆ ಅಂತ ವೇದಿಕೆ ಹತ್ತುವವರು ಒಂದು ಸಂಜೆ ಕೂತು ಚಡ್ಡಿಯ ಚಿತ್ರ ಬರೆಸಲಿ.

ಮಗಳಿಗೆ ಟಿಕೆಟ್ ತೆಗೆಸಿ. ಮೇ ತಿಂಗಳಾದರೆ ಅಲ್ಲಿ ಮಳೆ, ಕೊಡೆ ಕೊಟ್ಟು ಕಳಿಸಿ. ಹೊರಡುವ ಮುಂಚೆ ಅವಳ ಕೈಯಲ್ಲೇ ಅಣ್ಣನ ಮಗನನ್ನು ಒಮ್ಮೆ ನೋಡಿಸಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ವಾಟರ್ ಬಿಟ್ಟುಬಿಡಿ. ‘ನೀರು ಬೇಕಾ ಪುಟ್ಟಾ?’ ಅಂತ ಕೇಳಿ, ಲೋಟ ಕೈಯಲ್ಲೇ ಹಿಡಿದು, ಮನಸ್ಸಿನಲ್ಲಿ ಹತ್ತು ಎಣಿಸಿ. ಅವನ ಬದಲು ನೀವು ಹೇಳಬೇಡಿ.

– ಸಂಪಾದಕ