ಅವರಿಗೂ ಕಾಯಿಲೆ ಇತ್ತಂತೆ, ನಂಬಬಹುದಾ?

ಪ್ರಶ್ನೆ: ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ. ಈಚೆಗೆ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ. ವಾರಕ್ಕೊಮ್ಮೆ ಪೀರ್ ಸಪೋರ್ಟ್ ವರ್ಕರ್ ಬಂದು ಮಾತಾಡಿಸುತ್ತಾರೆ ಅಂದರು ಡಾಕ್ಟರ್. ಅವರಿಗೂ ಹಿಂದೆ ಮಾನಸಿಕ ಕಾಯಿಲೆ ಇತ್ತಂತೆ. ಇಂಥವರು ಇವನಿಗೇನು ಸಹಾಯ ಮಾಡಿಯಾರು? ಮಾತ್ರೆ ಬಿಡು ಅಂದುಬಿಟ್ಟರೆ?

ಉತ್ತರ: ನಾನೂ ಅದೇ ಕೆಲಸ ಮಾಡುವವಳು. ಪೀರ್ ಸಪೋರ್ಟ್ ವರ್ಕರ್ ಅಂದರೆ, ಇಂಥ ಕಾಯಿಲೆಯನ್ನು ತಾನೇ ಅನುಭವಿಸಿ, ಈಗ ಬೇರೆಯವರಿಗೆ ಜೊತೆಗಾರರಾಗಿ ನಿಲ್ಲುವವರು. ನನಗೆ ಬೈಪೋಲಾರ್ ಇದೆ (ಮನಸ್ಸು ಒಮ್ಮೆ ವಿಪರೀತ ಉಬ್ಬಿ, ಒಮ್ಮೆ ತೀರಾ ಕುಗ್ಗುವ ಕಾಯಿಲೆ), ಮಾತ್ರೆ ಈಗಲೂ ನುಂಗುತ್ತೇನೆ. ಹಾಗಾಗಿ ನಿಮ್ಮ ಅನುಮಾನ ನನಗೆ ಹೊಸದಲ್ಲ. ಮಾತ್ರೆ ಬಿಡಿಸುವುದು, ಬದಲಿಸುವುದು ನಮ್ಮ ಕೆಲಸವೇ ಅಲ್ಲ. ಅದು ಡಾಕ್ಟರ್ ಕೆಲಸ.

ಹಾಗಾದರೆ ನಾವು ಮಾಡುವುದೇನು? ಒಬ್ಬ ಹುಡುಗ ಡಾಕ್ಟರ್ ಎದುರು ಕೂತರೆ 'ಚೆನ್ನಾಗಿದ್ದೀನಿ' ಅನ್ನುವುದು ಬಿಟ್ಟು ಬೇರೆ ಬಾಯಿಬಿಡುತ್ತಿರಲಿಲ್ಲ. ಒಂದು ದಿನ ನನ್ನನ್ನು ಕೇಳಿದ: "ಮಾತ್ರೆ ತಗೊಂಡ್ರೆ ನಿಮಗೂ ರಾತ್ರಿಯೆಲ್ಲಾ ಜೊಲ್ಲು ಸುರೀತಿತ್ತಾ? ದಿಂಬು ಪೂರ್ತಿ ಒದ್ದೆ ಆಗುತ್ತೆ." ನಾಚಿಕೆಗೆ ಮನೆಯವರಿಗೂ ಹೇಳಿರಲಿಲ್ಲ. ಮಾತ್ರೆ ನಿಲ್ಲಿಸುವ ಯೋಚನೆಯೂ ಒಳಗೊಳಗೇ ಇತ್ತು. ಇಬ್ಬರೂ ಕೂತು ಒಂದು ಚೀಟಿ ಬರೆದೆವು. ಡಾಕ್ಟರ್ ಕೈಗೆ ಕೊಟ್ಟಿದ್ದು ಅವನೇ. ನಾನು ಪಕ್ಕದಲ್ಲಿ ಸುಮ್ನೆ ಕೂತಿದ್ದೆ. ಅವರು ಡೋಸ್ ಬದಲಿಸಿದರು, ಅವನು ಮಾತ್ರೆ ಮುಂದುವರಿಸಿದ.

ಇದೇನೂ ನಿನ್ನೆ ಮೊನ್ನೆ ಹುಟ್ಟಿದ ಪದ್ಧತಿಯಲ್ಲ. 18ನೇ ಶತಮಾನದ ಕೊನೆಯಲ್ಲೇ ಪ್ಯಾರಿಸ್‌ನ ಬಿಸೆಟ್ರ್ ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳ ವಾರ್ಡಿನ ಮೇಲ್ವಿಚಾರಕ ಪ್ಯುಸಾಂ, ಗುಣವಾದ ರೋಗಿಗಳನ್ನೇ ಆರೈಕೆಯ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದ. ಇನ್ನು ಫಲಿತಾಂಶ ಕೇಳಿದರೆ, 2018ರಲ್ಲಿ 'ಲ್ಯಾನ್ಸೆಟ್' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇಂಗ್ಲೆಂಡಿನ ಒಂದು ಅಧ್ಯಯನ ಬಂದಿತ್ತು. ತೀವ್ರ ಹಂತ ದಾಟಿದವರಲ್ಲಿ ಇಂಥ ಜೊತೆಗಾರರು ಸಿಕ್ಕವರ ಪೈಕಿ ವರ್ಷದೊಳಗೆ ಮತ್ತೆ ತುರ್ತು ಚಿಕಿತ್ಸೆಗೆ ಬಂದವರು ನೂರಕ್ಕೆ 29. ಜೊತೆಗಾರರು ಸಿಗದವರಲ್ಲಿ 38. ಪವಾಡವೇನಲ್ಲ. ಎಲ್ಲ ಅಧ್ಯಯನಗಳಲ್ಲೂ ಇಷ್ಟು ವ್ಯತ್ಯಾಸ ಕಂಡಿಲ್ಲ ಕೂಡ. ಆದರೂ ಆ ಒಂಬತ್ತು ಜನರ ಮನೆಯವರನ್ನು ಕೇಳಿ ನೋಡಿ!

ನಿಮ್ಮಲ್ಲಿ ಒಂದು ವಿನಂತಿ. ಆ ವರ್ಕರ್ ಹೊರಟಾಗ ಬಾಗಿಲ ತನಕ ಹೋಗಿ "ಏನಂದ, ಏನಂದ" ಅಂತ ಕೇಳಬೇಡಿ. ಅಕ್ಕನಿಗೆ ಕಾಳಜಿ ಜಾಸ್ತಿ, ಅದು ಸಹಜ ಅಲ್ವಾ. ಆದರೆ ಮಾತು ಹೊರಗೆ ಹೋಯಿತು ಅಂತ ಗೊತ್ತಾದರೆ ನಿಮ್ಮ ತಮ್ಮ ಮತ್ತೆ ಬಾಯಿ ಬಿಡುವುದಿಲ್ಲ. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಅವರು ಮುಚ್ಚಿಡುವಂತಿಲ್ಲ, ಹೇಳಿಯೇ ಹೇಳುತ್ತಾರೆ.

ನಾಲ್ಕೈದು ಭೇಟಿ ಆಗಲಿ. ಆಮೇಲೂ ತಮ್ಮನಿಗೆ ಹೊಂದಿಕೆ ಆಗದಿದ್ದರೆ ಬೇರೆಯವರನ್ನು ಕಳಿಸಿ ಅಂತ ಕೇಳಿ. ನಮಗೇನೂ ಬೇಜಾರಾಗಲ್ಲ.