ಮೂಗರ್ಜಿ ಹಾಕಲೇ, ಸುಮ್ಮನೆ ಸಹಿ ಮಾಡಲೇ?

ಪ್ರಶ್ನೆ: ನಾನು ತಾಲ್ಲೂಕು ಮಟ್ಟದ ಕಚೇರಿಯೊಂದರಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕಿ). ಪ್ರೊಬೇಷನ್ ಇನ್ನೂ ಡಿಕ್ಲೇರ್ ಆಗಿಲ್ಲ, ಅಂದರೆ ಕೆಲಸ ಇನ್ನೂ ಕಾಯಂ ಅಲ್ಲ. ಕೆರೆ ಹೂಳೆತ್ತಿದ ಬಿಲ್ ನನ್ನ ಟೇಬಲ್ಲಿಗೆ ಬಂದಿದೆ. ಆ ಕೆರೆ ನಾನು ದಿನಾ ಬಸ್ಸಲ್ಲಿ ಹೋಗುವ ದಾರಿಯಲ್ಲೇ ಇದೆ. ಒಂದು ಬುಟ್ಟಿ ಮಣ್ಣೂ ಎದ್ದಿಲ್ಲ. ಹಿಂದೆ ಬಾಯಿಬಿಟ್ಟ ಸಹೋದ್ಯೋಗಿಯನ್ನು ಮೂರೇ ವಾರದಲ್ಲಿ ಎತ್ತಂಗಡಿ ಮಾಡಿದರು. ‘ನಮಗ್ಯಾಕೆ ಊರ ಉಸಾಬರಿ’ ಅಂತಾರೆ ಯಜಮಾನರು. ಒಂದು ಮೂಗರ್ಜಿ ಹಾಕಿಬಿಡಲೇ?

ಉತ್ತರ: ಬೇಡಮ್ಮ. ಬಿಲ್ ನಂಬರ್ ಬರೆದರೆ ಅರ್ಜಿ ಯಾರ ಟೇಬಲ್ಲಿಂದ ಹೊರಟಿತೆಂದು ನಿಮ್ಮ ಅಟೆಂಡರೂ ಹೇಳಿಯಾನು. ಬರೆಯದಿದ್ದರೆ ಅದನ್ನು ಓದುವವರೇ ಇಲ್ಲ.

ಹೆದರಿದೆನಲ್ಲಾ ಅಂತ ನಾಚಿಕೆ ಬೇಡ. ಬಾಯಿಬಿಟ್ಟವರಿಗೆ ಏನು ಗತಿಯಾಯಿತು ಅನ್ನುವುದನ್ನು ಇಡೀ ಕಚೇರಿ ನೋಡಿರುತ್ತದೆ. ಮಿಕ್ಕವರ ಬಾಯಿ ಕಟ್ಟುವುದು ಅದೇ. ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡೇ ಪ್ರಧಾನಿ ಕಚೇರಿಗೆ ಬರೆದಿದ್ದರು. ಪತ್ರ ಹೆಸರಿನ ಸಮೇತ ಕೈಯಿಂದ ಕೈಗೆ ದಾಟಿತು. 2003ರ ನವೆಂಬರಿನಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು; ದರೋಡೆಕೋರರ ಕೃತ್ಯ ಎಂದಿತು ಸಿಬಿಐ. ದೂರು ಕೊಟ್ಟವರನ್ನು ಕಾಯುವ ಕಾಯ್ದೆ 2014ರಲ್ಲಿ ಪಾಸಾದರೂ ಜಾರಿಗೆ ತರುವ ಮನಸ್ಸು ಯಾವ ಸರ್ಕಾರಕ್ಕೂ ಬರಲಿಲ್ಲ.

ನೀವು ದೂರುದಾರರಾಗುವ ಮೊದಲು ಕೇಸ್ ವರ್ಕರ್, ಕಡತ ನೋಡಿ ಟಿಪ್ಪಣಿ ಬರೆಯುವವರು. ಆ ಕೆಲಸವನ್ನೇ ಮಾಡಿ. ‘ಸ್ಥಳ ಪರಿಶೀಲನಾ ವರದಿ, ಕಾಮಗಾರಿಯ ಮುಂಚಿನ ಮತ್ತು ನಂತರದ ಫೋಟೊ ಲಗತ್ತಿಸಿರುವುದಿಲ್ಲ. ಪಡೆದು ಮುಂದುವರಿಯಬಹುದೇ, ಆದೇಶಕ್ಕಾಗಿ ಮಂಡಿಸಿದೆ’ ಎಂದು ಟಿಪ್ಪಣಿ ಹಾಕಿ. ಇದರಲ್ಲಿ ಯಾರನ್ನೂ ಕಳ್ಳ ಅಂದಿಲ್ಲ. ಆದರೆ ನಾಳೆ ಆಡಿಟ್‌ನವರು ಕಡತ ಬಿಚ್ಚಿದಾಗ ಆ ಮೂರು ಸಾಲು ನಿಮ್ಮ ಪರವಾಗಿ ಮಾತಾಡುತ್ತದೆ. ಸಾಹೇಬರು ಚೇಂಬರಿಗೆ ಕರೆದು ‘ಪಾಸ್ ಮಾಡಮ್ಮ’ ಅಂದರೆ, ‘ಸಾರ್, ಟಿಪ್ಪಣಿಯಲ್ಲೇ ಒಂದು ಸಾಲು ಬರೆದುಬಿಡಿ’ ಅನ್ನಿ. ಬಹಳಷ್ಟು ಬಿಲ್ಲುಗಳು ಅಲ್ಲೇ ತಣ್ಣಗಾಗುತ್ತವೆ. ಯಾರು, ಯಾವತ್ತು, ಏನಂದರು ಅಂತ ಡೈರಿಯಲ್ಲಿ ಬರೆದಿಡಿ. ಕಡತ ಮಾತ್ರ ಮನೆಗೆ ಒಯ್ಯಬೇಡಿ.

ಅಷ್ಟಕ್ಕೂ ನಿಲ್ಲದಿದ್ದರೆ ಲೋಕಾಯುಕ್ತ ಇದೆ. 1984ರ ಕಾಯ್ದೆಯ ಪ್ರಕಾರ ದೂರಿನ ಜೊತೆ ಅಫಿಡವಿಟ್ ಕೊಡಬೇಕು. ತನಿಖೆ ಕೈಗೆತ್ತಿಕೊಂಡರೆ ದೂರಿನ ಪ್ರತಿ ಎದುರು ಪಾರ್ಟಿಗೂ ಹೋಗುತ್ತದೆ. ಇದು ಗೊತ್ತಿದ್ದೇ ಹೆಜ್ಜೆ ಇಡಿ, ಒಬ್ಬರೇ ಇಡಬೇಡಿ.

ಯಜಮಾನರಿಗೆ ಹೇಳಿ: ಬಿಲ್ಲಿನ ಮೇಲೆ ಸಹಿ ನಿಮ್ಮದು, ರಿಕವರಿ ಬಂದರೆ ಕಡಿತವಾಗುವುದು ನಿಮ್ಮ ಸಂಬಳ. ಊರ ಉಸಾಬರಿ ಎಲ್ಲಿಂದ ಬಂತು?

ಇನ್ನೊಂದು ಮಾತು. ಎತ್ತಂಗಡಿಯಾದ ಆ ಸಹೋದ್ಯೋಗಿಗೆ ಇವತ್ತು ಸಂಜೆ ಒಂದು ಫೋನ್ ಮಾಡಿ. ನಿಮ್ಮ ಕಚೇರಿಯಿಂದ ಇಷ್ಟು ದಿನ ಯಾರೂ ಮಾಡಿರಲಿಕ್ಕಿಲ್ಲ.