ಡ್ರಿಪ್ ಇಲ್ಲದಾಗಲೂ ಕೈಯಲ್ಲಿರುವ ಕ್ಯಾನುಲಾಗೆ ನರ್ಸ್ ಸಲೈನ್ ಯಾಕೆ ಹಾಕ್ತಾರೆ?

ಕೋಲಾರದಲ್ಲಿ ಅಡ್ಮಿಟ್ ಆಗಿರುವ ನಿಮ್ಮ ತಂದೆಗೆ ಆಂಟಿಬಯಾಟಿಕ್ ದಿನಕ್ಕೆ ಎರಡೇ ಸಲ, ಆದರೂ ಪ್ರತಿ ಸಲ ಸಲೈನ್ ಹಾಕ್ತಾರೆ ಎಂದು ಕೇಳಿದ್ದೀರಿ. ನಾನೂ ಇದೇ ಊರಲ್ಲಿ ವಾರ್ಡ್ ನರ್ಸ್.

ಕ್ಯಾನುಲಾ ಅಂದರೆ ರಕ್ತನಾಳದೊಳಗೆ ಇರುವುದು ಸೂಜಿಯಲ್ಲ, ಮೆತ್ತನೆಯ ಪ್ಲಾಸ್ಟಿಕ್ ಕೊಳವೆ. ಔಷಧಿ ನಿಂತ ಮೇಲೆ ಅದರ ತುದಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಟೊಮೇಟೊ ತೋಟದ ಡ್ರಿಪ್ ಪೈಪ್ ಕಟ್ಟಿಕೊಳ್ಳುವ ಹಾಗೆ. ಅದಕ್ಕೇ ಔಷಧಿಗೆ ಮುಂಚೆಯೂ ಆಮೇಲೂ 0.9% ಸಲೈನ್, ಅಂದರೆ ಉಪ್ಪುನೀರು. ಸಿರಿಂಜನ್ನು ಒಂದೇ ಸಮ ತಳ್ಳಲ್ಲ. ಸ್ವಲ್ಪ ತಳ್ಳಿ, ನಿಲ್ಲಿಸಿ, ಮತ್ತೆ ತಳ್ಳುತ್ತೇವೆ. ಒಳಗೆಲ್ಲ ಚೆನ್ನಾಗಿ ತೊಳೆದುಹೋಗುತ್ತದೆ. ಬಿಗಿ ಅನ್ನಿಸಿದರೆ ಜೋರಾಗಿ ಒತ್ತಲೇಬಾರದು. ಹೆಪ್ಪು ರಕ್ತದೊಳಗೆ ಹೋಗಬಹುದು, ರಕ್ತನಾಳಕ್ಕೂ ಪೆಟ್ಟು.

ಕ್ಯಾನುಲಾದ ಮುಚ್ಚಳದ ಬಾಯಿಂದಲೂ ಸೋಂಕು ಒಳಹೋಗುತ್ತದೆ. ಕೈ ತೊಳೆದು, ಆ ಜಾಗವನ್ನು ಸ್ಪಿರಿಟ್ ಹತ್ತಿಯಿಂದ 15 ಸೆಕೆಂಡ್ ತಿಕ್ಕಿ, ಒಣಗಲು ಬಿಡಬೇಕು. ಅವಸರದಲ್ಲಿ ಜಾಸ್ತಿ ತಪ್ಪಿಹೋಗುವುದು ಈ ಒಣಗಿಸೋದೇ. ಬಿಚ್ಚಿದ ಡ್ರಿಪ್ ಸೆಟ್ಟನ್ನು ಸುಮ್ನೆ ಸ್ಟ್ಯಾಂಡಿಗೆ ನೇತುಹಾಕಬಾರದು. ತುದಿಗೆ ಹೊಸ ಸ್ಟೆರೈಲ್ (ರೋಗಾಣು ಇಲ್ಲದ) ಮುಚ್ಚಳ ಬೇಕು.

ಕೆಂಪು, ಊತ, ಉರಿ, ಒದ್ದೆಯಾದ ಪ್ಲಾಸ್ಟರ್, ಇವುಗಳಲ್ಲಿ ಒಂದು ಕಂಡರೂ ಸಿಸ್ಟರನ್ನು ಕರೆಯಿರಿ. ನಡುರಾತ್ರಿಯಾದರೂ ಸಂಕೋಚ ಬೇಡ.